ತಲೆಸುತ್ತಿನ ಮೂಲ ಹುಡುಕಿದವರು

ರೋಣ, ನರಗುಂದ, ಗಜೇಂದ್ರಗಡ - ಇವು ಗದಗ ಜಿಲ್ಲೆಯ ಮೂರು ತಾಲ್ಲೂಕು ಕೇಂದ್ರಗಳು. ರೋಣ ತಾಲ್ಲೂಕಿನ ಹೊಳೆಆಲೂರಿನ ಮೂಲಕ 1884ರಲ್ಲಿಯೇ ರೈಲು ಮಾರ್ಗ ಬಂತು. ಆದರೆ ನರಗುಂದ ಮತ್ತು ಗಜೇಂದ್ರಗಡ ಪಟ್ಟಣಗಳಿಗೆ ರೈಲಿಲ್ಲ. ಕಾಲೇಜಿಗೆ, ಸಂತೆಗೆ, ಗದಗ ಅಥವಾ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಬೇಕಾದ ಬಹುಮಂದಿಗೆ ಬಸ್ಸೇ ಆಧಾರ. ಈ ಬಸ್ಸುಗಳಲ್ಲಿ ಕಿಟಕಿ ಪಕ್ಕದ ಸೀಟನ್ನೇ ಬೇಡುವವರು, ಕೈಯಲ್ಲಿ ನಿಂಬೆಹಣ್ಣು ಹಿಡಿದು ಮೂಸುತ್ತ ಕೂರುವವರು, ಊರು ತಲುಪುವ ಮೊದಲೇ ಎರಡು ಬಾರಿ ವಾಂತಿ ಮಾಡಿಕೊಳ್ಳುವ ಮಕ್ಕಳು ನಿಮ್ಮ ಕಣ್ಣಿಗೆ ಬಿದ್ದಿರಬಹುದು. ನೀವೇ ಅವರಲ್ಲಿ ಒಬ್ಬರಾಗಿದ್ದರೂ ಆಶ್ಚರ್ಯವಿಲ್ಲ.

ಇನ್ನು ಕೆಲವರಿಗೆ ಬಸ್ಸೂ ಬೇಕಿಲ್ಲ. ಬೆಳಗಿನ ಜಾವ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಸಾಕು, ಮನೆಯ ಜಂತಿಗಳೆಲ್ಲ ಗಿರಗಿರನೆ ತಿರುಗತೊಡಗುತ್ತವೆ. ‘ಬಿಪಿ ಇರಬೇಕು’ ಎನ್ನುತ್ತಾರೆ ಒಬ್ಬರು. ‘ಪಿತ್ತ ಏರಿದೆ’ ಎನ್ನುತ್ತಾರೆ ಇನ್ನೊಬ್ಬರು. ‘ಕುತ್ತಿಗೆ ಎಲುಬು ಸವೆದಿದೆ’ ಎಂದು ಪಟ್ಟಿ ಕಟ್ಟಿಕೊಳ್ಳುವವರೂ ಇದ್ದಾರೆ. ಸಲೈನ್ ಹಾಕಿಸಿಕೊಂಡು, ಮಾತ್ರೆ ನುಂಗಿ, ಕೊನೆಗೆ ‘ಕಾರಣ ಗೊತ್ತಾಗಲಿಲ್ಲ’ ಎಂದು ಸುಮ್ಮನಾಗುತ್ತಾರೆ.

ಬಸ್ಸಿನ ವಾಂತಿಗೂ ಹಾಸಿಗೆಯ ತಲೆಸುತ್ತಿಗೂ ಸಂಬಂಧಿಸಿದ ಒಂದು ಪುಟ್ಟ ಅಂಗ ನಮ್ಮ ಒಳಕಿವಿಯಲ್ಲಿದೆ. ಅದನ್ನು ಪತ್ತೆ ಮಾಡಲು ವಿಜ್ಞಾನಿಗಳಿಗೆ ಹೆಚ್ಚುಕಡಿಮೆ ಇನ್ನೂರು ವರ್ಷ ಹಿಡಿಯಿತು. ಆ ಕಥೆಯನ್ನು ತಿಳಿದರೆ ಯಾವ ತಲೆಸುತ್ತಿಗೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ ಎಂಬುದೂ ತಿಳಿಯುತ್ತದೆ.

ಹಳೆಯ ಹೆಸರುಗಳು

ನಮ್ಮ ಭಾಷೆಯಲ್ಲಿ ಈ ಅನುಭವಕ್ಕೆ ಹೆಸರುಗಳು ಬಹಳ. ಉತ್ತರ ಕರ್ನಾಟಕದಲ್ಲಿ ‘ಚಕ್ಕರ್ ಬಂತು’ ಎಂದರೆ ಸುತ್ತಲಿನ ವಸ್ತುಗಳು ತಿರುಗಿದಂತಾಯಿತು ಎಂದು ಅರ್ಥ. ‘ಬವಳಿ ಬಂತು’ ಎಂದರೆ ಕಣ್ಣಿಗೆ ಕತ್ತಲೆ ಕವಿದು ಕುಸಿಯುವಂತಾಯಿತು ಎಂದು. ಚರಕ ಸಂಹಿತೆಯು ‘ಭ್ರಮ’ವನ್ನು ವಾತದ 80 ವಿಕಾರಗಳ ಪಟ್ಟಿಯಲ್ಲಿ ಸೇರಿಸಿದೆ. ಮಾಧವನಿದಾನವು ಅದನ್ನು ಮೂರ್ಛೆಯ ಪ್ರಕರಣದಲ್ಲಿ ಹೇಳಿ, ದೇಹ ಚಕ್ರದಂತೆ ತಿರುಗಿ ರೋಗಿ ನೆಲಕ್ಕೆ ಬೀಳುವುದನ್ನು ವಿವರಿಸುತ್ತದೆ. ವಾಕರಿಕೆಗೆ ಇಂಗ್ಲಿಷಿನಲ್ಲಿರುವ ‘ನಾಸಿಯ’ ಎಂಬ ಪದದ ಮೂಲ ಗ್ರೀಕ್ ಭಾಷೆಯ ‘ನೌಸ್’, ಅಂದರೆ ಹಡಗು. ಅನುಭವ ಎಲ್ಲರಿಗೂ ಗೊತ್ತಿತ್ತು. ಗೊತ್ತಿರದಿದ್ದುದು ಅದರ ಸ್ಥಾನ.

ಯೂರೋಪಿನಲ್ಲಿ 19ನೆಯ ಶತಮಾನದ ಮಧ್ಯದವರೆಗೂ ಹಠಾತ್ ತಲೆಸುತ್ತನ್ನು ಮಿದುಳಿಗೆ ರಕ್ತ ಏರಿದ ಲಕ್ಷಣವೆಂದೇ ಭಾವಿಸಿದ್ದರು. ಚಿಕಿತ್ಸೆಯೂ ಅದಕ್ಕೆ ತಕ್ಕಂತೆಯೇ ಇತ್ತು: ಜಿಗಣೆ ಕಚ್ಚಿಸುವುದು, ರಕ್ತ ಹರಿಸುವುದು.

ಪಾರಿವಾಳಗಳು ಹೇಳಿದ್ದು

1820ರ ದಶಕದಲ್ಲಿ ಫ್ರಾನ್ಸಿನ ಶರೀರವಿಜ್ಞಾನಿ ಪಿಯರ್ ಫ್ಲೂರಾನ್ಸ್ ಪಾರಿವಾಳಗಳ ಒಳಕಿವಿಯನ್ನು ಪರೀಕ್ಷಿಸುತ್ತಿದ್ದ. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತಹ ಒಂದು ಭಾಗವಿದೆ. ಅದರ ಪಕ್ಕದಲ್ಲಿ ಒಂದಕ್ಕೊಂದು ಲಂಬವಾಗಿ ನಿಂತ ಮೂರು ಅರೆವೃತ್ತಾಕಾರದ ನಾಳಗಳಿವೆ. ಇವೆಲ್ಲ ಕೇಳುವುದಕ್ಕಾಗಿಯೇ ಇವೆ ಎಂಬುದು ಅಂದಿನ ನಂಬಿಕೆ. ಫ್ಲೂರಾನ್ಸ್ ಒಂದು ನಾಳವನ್ನು ಕತ್ತರಿಸಿದಾಗ ಪಾರಿವಾಳದ ಶ್ರವಣಕ್ಕೆ ತೊಂದರೆಯಾಗಲಿಲ್ಲ. ಆದರೆ ಅದರ ತಲೆ ಓಲಾಡತೊಡಗಿತು. ಅಡ್ಡ ನಾಳವನ್ನು ಕತ್ತರಿಸಿದರೆ ತಲೆ ಎಡಕ್ಕೂ ಬಲಕ್ಕೂ, ಲಂಬ ನಾಳವನ್ನು ಕತ್ತರಿಸಿದರೆ ಮೇಲಕ್ಕೂ ಕೆಳಕ್ಕೂ! ಕತ್ತರಿಸಿದ ನಾಳದ ತಲದಲ್ಲಿಯೇ ತಲೆಯ ಚಲನೆ. ಇದರ ಪೂರ್ಣ ಅರ್ಥ ಫ್ಲೂರಾನ್ಸನಿಗೆ ಹೊಳೆಯಲಿಲ್ಲ.

ಅದೇ ದಶಕದಲ್ಲಿ ಬೊಹೀಮಿಯದ ಪುರ್ಕಿಂಜೆ ಮನುಷ್ಯರನ್ನು ತಿರುಗಿಸಿ ನೋಡಿದ. ತಿರುಗುವಾಗ ತಲೆ ಯಾವ ಸ್ಥಿತಿಯಲ್ಲಿತ್ತೋ ಅದರ ಮೇಲೆ ತಲೆಸುತ್ತಿನ ದಿಕ್ಕು ನಿರ್ಧಾರವಾಗುತ್ತದೆ ಎಂದು ತೋರಿಸಿದ. ಆದರೆ ಆತ ಕಾರಣವನ್ನು ಮಿದುಳಿನಲ್ಲಿ ಹುಡುಕಿದ.

1861ರಲ್ಲಿ ಪ್ಯಾರಿಸಿನ ಕಿವುಡ-ಮೂಕರ ಸಂಸ್ಥೆಯ ವೈದ್ಯ ಪ್ರೊಸ್ಪೆರ್ ಮೆನಿಯೇರ್ ವೈದ್ಯಕೀಯ ಅಕಾಡೆಮಿಯ ಮುಂದೆ ಒಂದು ಪ್ರಬಂಧ ಓದಿದ. ಆತನ ಕೆಲವು ರೋಗಿಗಳಿಗೆ ತಲೆಸುತ್ತಿನ ಜೊತೆಗೆ ಕಿವಿಯಲ್ಲಿ ಮೊರೆತವಿತ್ತು, ಕಿವಿ ಮಂದವಾಗುತ್ತಿತ್ತು. ಮಿದುಳಿನ ಕಾಯಿಲೆಯ ಬೇರಾವ ಲಕ್ಷಣವೂ ಇರಲಿಲ್ಲ. ಹಾಗಾದರೆ ರೋಗ ಇರುವುದು ಒಳಕಿವಿಯಲ್ಲಿ ಎಂದು ಆತ ವಾದಿಸಿದ. ಫ್ಲೂರಾನ್ಸನ ಪಾರಿವಾಳಗಳನ್ನು ಸಾಕ್ಷಿಗೆ ಕರೆದ. ಆಗ ಹೆಚ್ಚು ಜನ ಒಪ್ಪಲಿಲ್ಲ. ಮರುವರ್ಷವೇ ಆತ ತೀರಿಕೊಂಡ. ಇಂದು ಆ ರೋಗಕ್ಕೆ ಮೆನಿಯೇರ್ ಕಾಯಿಲೆ ಎಂದೇ ಹೆಸರು.

ರೈಲಿನ ತಿರುವು ಮತ್ತು ಬೋಗುಣಿಯ ನೀರು

ಮುಂದಿನ ಹೆಜ್ಜೆ ಇಟ್ಟವರಲ್ಲಿ ಒಬ್ಬ ಭೌತವಿಜ್ಞಾನಿ ಎಂಬುದು ಸ್ವಾರಸ್ಯದ ಸಂಗತಿ. ಶಬ್ದವೇಗಕ್ಕೆ ಸಂಬಂಧಿಸಿದ ‘ಮ್ಯಾಕ್ ಸಂಖ್ಯೆ’ ನಿಮಗೆ ಗೊತ್ತು. ಆ ಅರ್ನ್ಸ್ಟ್ ಮ್ಯಾಕ್ ಒಮ್ಮೆ ರೈಲಿನಲ್ಲಿ ಹೋಗುವಾಗ, ಹಳಿ ತಿರುವು ಪಡೆದಲ್ಲಿ ಹೊರಗಿನ ಮನೆ ಮರಗಳು ವಾಲಿದಂತೆ ಕಂಡವು. ಗುರುತ್ವ ಮತ್ತು ವೇಗೋತ್ಕರ್ಷವನ್ನು ಗ್ರಹಿಸುವ ಅಂಗವೊಂದು ದೇಹದಲ್ಲಿರಬೇಕು ಎಂದು ಆತ ತರ್ಕಿಸಿ ಪ್ರಯೋಗಗಳಿಗೆ ತೊಡಗಿದ. 1873ರಿಂದ 1875ರ ಅವಧಿಯಲ್ಲಿ ಮ್ಯಾಕ್, ವಿಯೆನ್ನಾದ ವೈದ್ಯ ಬ್ರಾಯರ್ ಮತ್ತು ಎಡಿನ್‌ಬರೋದ ರಸಾಯನವಿಜ್ಞಾನಿ ಕ್ರಮ್ ಬ್ರೌನ್ - ಮೂವರೂ ಸ್ವತಂತ್ರವಾಗಿ ಒಂದೇ ತೀರ್ಮಾನಕ್ಕೆ ಬಂದರು. ಅರೆವೃತ್ತಾಕಾರದ ನಾಳಗಳು ತಲೆಯ ತಿರುಗುವಿಕೆಯನ್ನು ಅಳೆಯುವ ಸಾಧನಗಳು.

ಇದನ್ನು ತರಗತಿಯಲ್ಲಿ ಸುಲಭವಾಗಿ ತೋರಿಸಬಹುದು. ಒಂದು ಬೋಗುಣಿಯಲ್ಲಿ ನೀರು ತುಂಬಿ, ನೀರಿನ ಮೇಲೆ ಹುಲ್ಲುಕಡ್ಡಿ ತೇಲಿಬಿಡಿ. ಬೋಗುಣಿಯನ್ನು ಥಟ್ಟನೆ ತಿರುಗಿಸಿ. ಬೋಗುಣಿ ತಿರುಗುತ್ತದೆ, ಕಡ್ಡಿ ಇದ್ದಲ್ಲೇ ಇರುತ್ತದೆ. ಇದು ಜಡತ್ವ. ಬಹಳ ಹೊತ್ತು ತಿರುಗಿಸುತ್ತಲೇ ಇದ್ದರೆ ನೀರೂ ಬೋಗುಣಿಯ ಜೊತೆ ತಿರುಗತೊಡಗುತ್ತದೆ. ಈಗ ಬೋಗುಣಿಯನ್ನು ನಿಲ್ಲಿಸಿ. ನೀರು ಮಾತ್ರ ನಿಲ್ಲುವುದಿಲ್ಲ.

ನಾಳದೊಳಗೆ ನಡೆಯುವುದೂ ಇದೇ ಬಗೆಯದು. ತಲೆ ತಿರುಗಿದಾಗ ಒಳಗಿನ ದ್ರವ ಹಿಂದೆ ಉಳಿಯುತ್ತದೆ. ಅದು ಅಂಟಿನಂತಹ ಪುಟ್ಟ ಪರದೆಯೊಂದನ್ನು ಬಾಗಿಸುತ್ತದೆ. ಪರದೆಯ ಬುಡದ ರೋಮಕೋಶಗಳು ಮಿದುಳಿಗೆ ಸುದ್ದಿ ಕಳುಹಿಸುತ್ತವೆ. ಹೆಣ್ಣುಮಕ್ಕಳು ಪುಗಡಿ ಆಡಿ ಥಟ್ಟನೆ ನಿಂತಾಗ ಅಂಗಳವೇ ತಿರುಗಿದಂತಾಗುವುದು ಏಕೆ ಎಂದು ಈಗ ನೀವೇ ಹೇಳಬಲ್ಲಿರಿ. ಆಗ ಅವರ ಕಣ್ಣುಗಳನ್ನು ಗಮನಿಸಿ. ಕಣ್ಣಾಲಿಗಳು ನಿಧಾನವಾಗಿ ಒಂದು ಕಡೆಗೆ ಸರಿದು, ಚಟಕ್ಕನೆ ಮರಳುತ್ತಿರುತ್ತವೆ. ಕಣ್ಣಾಲಿಗಳ ಈ ಓಲಾಟವನ್ನು ವೈದ್ಯರು ನಿಸ್ಟಾಗ್ಮಸ್ ಎನ್ನುತ್ತಾರೆ. ಒಳಕಿವಿಯ ಸ್ಥಿತಿಯನ್ನು ಹೊರಗಿನಿಂದಲೇ ತಿಳಿಯಲು ಕಣ್ಣು ಒಂದು ಕಿಟಕಿ.

ನಾಳಗಳಲ್ಲದೆ ಒಳಕಿವಿಯಲ್ಲಿ ಎರಡು ಪುಟ್ಟ ಚೀಲಗಳೂ ಇವೆ. ಅವುಗಳಲ್ಲಿ ರೋಮಕೋಶಗಳ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳುಗಳ ಹಾಸಿಗೆಯಿದೆ. ಹರಳುಗಳು ಭಾರವಾಗಿರುವುದರಿಂದ ತಲೆ ಬಾಗಿದರೆ, ವಾಹನ ಮುಂದಕ್ಕೆ ಜಿಗಿದರೆ ಅವು ಜರುಗುತ್ತವೆ. ನೇರ ಚಲನೆ ಮತ್ತು ಗುರುತ್ವದ ಅರಿವು ಇವುಗಳಿಂದ. ಈ ಹರಳುಗಳನ್ನು ನೆನಪಿಟ್ಟುಕೊಳ್ಳಿ, ಕಥೆಯಲ್ಲಿ ಅವು ಮತ್ತೆ ಬರುತ್ತವೆ.

ಯುದ್ಧಕೈದಿಗೆ ನೊಬೆಲ್

ವಿಯೆನ್ನಾದ ಕಿವಿ ವೈದ್ಯ ರಾಬರ್ಟ್ ಬಾರಾನಿ ರೋಗಿಗಳ ಕಿವಿಯನ್ನು ನೀರಿನಿಂದ ತೊಳೆಯುತ್ತಿದ್ದಾಗ ಕೆಲವರು ತಲೆಸುತ್ತೆಂದು ದೂರುತ್ತಿದ್ದರು. ತಣ್ಣೀರು ಹಾಕಿದರೆ ಕಣ್ಣಾಲಿ ಒಂದು ದಿಕ್ಕಿಗೆ, ಬಿಸಿನೀರು ಹಾಕಿದರೆ ವಿರುದ್ಧ ದಿಕ್ಕಿಗೆ ಎಳೆಯುವುದನ್ನು ಆತ ಗಮನಿಸಿದ. ಹಂಡೆಯಲ್ಲಿ ಕಾದ ನೀರು ಮೇಲೇರಿ ತಣ್ಣೀರು ಕೆಳಗಿಳಿಯುವಂತೆ ನಾಳದ ದ್ರವವೂ ಹರಿಯುತ್ತದೆ ಎಂಬುದು ಆತನ ವಿವರಣೆ. 1906ರಲ್ಲಿ ಪ್ರಕಟವಾದ ಈ ಪರೀಕ್ಷೆಯಿಂದ ಎಡ ಮತ್ತು ಬಲ ಕಿವಿಗಳನ್ನು ಬೇರೆಬೇರೆಯಾಗಿ ಪರೀಕ್ಷಿಸುವುದು ಸಾಧ್ಯವಾಯಿತು. 1914ನೆಯ ಸಾಲಿನ ನೊಬೆಲ್ ಪಾರಿತೋಷಕ ಬಾರಾನಿಗೆ ಸಂದಿತು. ಅದು ಘೋಷಣೆಯಾದದ್ದು 1915ರಲ್ಲಿ. ಆಗ ಆತ ರಷ್ಯನ್ನರ ಸೆರೆಯಲ್ಲಿದ್ದ ಯುದ್ಧಕೈದಿ. ಸ್ವೀಡನ್ನಿನ ರಾಜಕುಮಾರನ ಮಧ್ಯಸ್ಥಿಕೆಯಿಂದ 1916ರಲ್ಲಿ ಬಿಡುಗಡೆಯಾಯಿತು.

ವಿಜ್ಞಾನದಲ್ಲಿ ನೊಬೆಲ್ ಬಂದರೂ ವಿವರಣೆ ಅಂತಿಮವಲ್ಲ. 1983ರಲ್ಲಿ ಅಂತರಿಕ್ಷದ ಸ್ಪೇಸ್‌ಲ್ಯಾಬಿನಲ್ಲಿ ಈ ಪರೀಕ್ಷೆ ನಡೆಸಿದಾಗ, ಬಿಸಿ ದ್ರವ ಮೇಲೇರುವ ಪ್ರಶ್ನೆಯೇ ಇಲ್ಲದ ಭಾರರಹಿತ ಸ್ಥಿತಿಯಲ್ಲೂ ನಿಸ್ಟಾಗ್ಮಸ್ ಕಂಡುಬಂತು. ಬಾರಾನಿಯ ಪರೀಕ್ಷೆ ಉಳಿಯಿತು, ವಿವರಣೆಗೆ ಮಾತ್ರ ತಿದ್ದುಪಡಿ ಬೇಕಾಯಿತು.

ಬಸ್ಸಿನಲ್ಲಿ ವಾಂತಿ ಏಕೆ?

1882ರಲ್ಲಿ ಅಮೆರಿಕದ ವಿಲಿಯಂ ಜೇಮ್ಸ್ 519 ಮಂದಿ ಕಿವುಡ-ಮೂಕರಲ್ಲಿ ತಿರುಗುವಿಕೆಯ ಪರಿಣಾಮವನ್ನು ಕುರಿತ ಮಾಹಿತಿ ಕಲೆಹಾಕಿದ. ಅವರಲ್ಲಿ 186 ಮಂದಿಗೆ ಎಷ್ಟು ತಿರುಗಿಸಿದರೂ ತಲೆಸುತ್ತು ಬರಲೇ ಇಲ್ಲ. ಹಾರ್ವರ್ಡ್ ಕಾಲೇಜಿನ ಸುಮಾರು ಇನ್ನೂರು ಮಂದಿಯಲ್ಲಾದರೋ ತಲೆಸುತ್ತು ಬರದವನು ಒಬ್ಬನೇ. ಒಳಕಿವಿಯ ಸಮತೋಲನ ಭಾಗವೂ ಹಾಳಾಗಿದ್ದವರಿಗೆ ಹಡಗಿನ ಬೇನೆಯೂ ಬಾರದು ಎಂಬುದು ಮುಂದೆ ಖಚಿತವಾಯಿತು. ಕಣ್ಣಿಲ್ಲದವರಿಗೆ ಪ್ರಯಾಣದ ವಾಂತಿ ಬರುವುದುಂಟು, ಸಮತೋಲನದ ಅಂಗವಿಲ್ಲದವರಿಗೆ ಬಾರದು.

ಹಾಗಿದ್ದರೂ ಕಿವಿಯೊಂದೇ ಕಾರಣವಲ್ಲ. ಕಿವಿ, ಕಣ್ಣು, ಸ್ನಾಯು - ಮೂರು ಕಡೆಯಿಂದ ಬರುವ ಸುದ್ದಿಯನ್ನು ಮಿದುಳು ತಾಳೆ ನೋಡುತ್ತದೆ. ಹಿಂದಿನ ಅನುಭವದ ಜೊತೆಗೂ ಹೋಲಿಸುತ್ತದೆ. ತಾಳೆಯಾಗದಿದ್ದರೆ ವಾಕರಿಕೆ. ಬ್ರಿಟನ್ನಿನ ರೀಸನ್ ಮತ್ತು ಬ್ರ್ಯಾಂಡ್ 1975ರಲ್ಲಿ ಈ ಸಂವೇದನಾ ಸಂಘರ್ಷ ವಾದವನ್ನು ವಿಸ್ತಾರವಾಗಿ ಮಂಡಿಸಿದರು. ಬಸ್ಸಿನಲ್ಲಿ ಮೊಬೈಲ್ ನೋಡುತ್ತ ಕೂತಾಗ ‘ನಾನು ನಿಂತಿದ್ದೇನೆ’ ಎನ್ನುತ್ತದೆ ಕಣ್ಣು, ‘ಚಲಿಸುತ್ತಿದ್ದೇನೆ’ ಎನ್ನುತ್ತದೆ ಕಿವಿ. ಡ್ರೈವರನಿಗೆ ವಾಂತಿ ಬರುವುದು ಅಪರೂಪ. ತಿರುವು ಎಲ್ಲಿ, ಬ್ರೇಕ್ ಯಾವಾಗ ಎಂಬುದು ಅವನಿಗೆ ಮೊದಲೇ ಗೊತ್ತು. ಕಂಡಕ್ಟರನಿಗೆ ರೂಢಿಯೇ ರಕ್ಷೆ.

ಸಂಘರ್ಷವಾದರೆ ಹೊಟ್ಟೆ ಏಕೆ ತೊಳೆಸಬೇಕು? 1977ರಲ್ಲಿ ಟ್ರೀಸ್‌ಮನ್ ಒಂದು ಊಹೆ ಮುಂದಿಟ್ಟ. ವಿಷ ಹೊಟ್ಟೆಗೆ ಹೋದಾಗಲೂ ಇಂದ್ರಿಯಗಳ ಸುದ್ದಿ ಕಲಸುಮೇಲೋಗರವಾಗುತ್ತದೆ. ಆದ್ದರಿಂದ ಸುದ್ದಿ ತಾಳೆಯಾಗದಿದ್ದಾಗ ಮಿದುಳು ವಿಷವೆಂದು ಬಗೆದು ಹೊಟ್ಟೆಯನ್ನು ಖಾಲಿ ಮಾಡಿಸುತ್ತದೆ. ಆಕರ್ಷಕ ಊಹೆ, ಆದರೆ ಇನ್ನೂ ಊಹೆಯೇ.

ಚಕ್ಕಡಿ ಎಷ್ಟು ಕುಲುಕಿದರೂ ವಾಂತಿ ಬರುವುದು ಕಡಿಮೆ. ಉಯ್ಯಾಲೆ ನಯವಾಗಿ ತೂಗಿದರೂ ಕೆಲವರಿಗೆ ಹೊಟ್ಟೆ ತೊಳೆಸುತ್ತದೆ. ಏಕೆ? 1974ರಲ್ಲಿ ಒ’ಹಾನ್ಲನ್ ಮತ್ತು ಮೆಕ್‌ಕಾಲೆ ನಡೆಸಿದ ಪ್ರಯೋಗಗಳಲ್ಲಿ, ಸೆಕೆಂಡಿಗೆ ಸುಮಾರು 0.2 ಬಾರಿ, ಅಂದರೆ ಐದು ಸೆಕೆಂಡಿಗೊಮ್ಮೆ ಏರಿಳಿಯುವ ಚಲನೆಯೇ ಅತಿ ಹೆಚ್ಚು ವಾಕರಿಕೆ ತಂದಿತು. ಚಕ್ಕಡಿಯ ಕುಲುಕಾಟ ಸೆಕೆಂಡಿಗೆ ಹಲವು ಬಾರಿ. ಅದು ಮೈ ನೋಯಿಸುತ್ತದೆ, ವಾಂತಿ ತರಿಸುವುದಿಲ್ಲ.

ಈಗ ನಾಗರ ಪಂಚಮಿಯ ಜೋಕಾಲಿಯನ್ನು ತೆಗೆದುಕೊಳ್ಳಿ. ಲೋಲಕದ ಸೂತ್ರ ನಿಮಗೆ ಗೊತ್ತು. ದೊಡ್ಡ ಮರದ ಕೊಂಬೆಗೆ ಕಟ್ಟಿದ ಹಗ್ಗದ ಉದ್ದ 6 ಮೀಟರ್ ಎಂದಿಟ್ಟುಕೊಂಡರೆ, 6ನ್ನು 9.8ರಿಂದ ಭಾಗಿಸಿ, ವರ್ಗಮೂಲ ತೆಗೆದು, 6.28ರಿಂದ ಗುಣಿಸಿ. ಆಂದೋಲನ ಅವಧಿ 4.9 ಸೆಕೆಂಡು ಎಂದು ಬರುತ್ತದೆ. ಹೆಚ್ಚುಕಡಿಮೆ ಅದೇ ಅಪಾಯದ ಆವೃತ್ತಿ! ಪಡಸಾಲೆಯ 1 ಮೀಟರ್ ಹಗ್ಗದ ತೊಟ್ಟಿಲಿನ ಅವಧಿ 2 ಸೆಕೆಂಡು ಮಾತ್ರ. ಮಿದು ಸ್ಪ್ರಿಂಗಿನ ದೊಡ್ಡ ಬಸ್ಸು ತಗ್ಗುದಿಣ್ಣೆಯ ರಸ್ತೆಯಲ್ಲಿ ನಿಧಾನವಾಗಿ ಓಲಾಡುವುದು, ಮತ್ತೆಮತ್ತೆ ಬ್ರೇಕ್ ಹಾಕಿ ಬಿಡುವುದು ಜೋಕಾಲಿಯ ವರ್ಗಕ್ಕೆ ಸೇರುತ್ತದೆ.

ಜಾರಿದ ಹರಳು

ಈಗ ಹಾಸಿಗೆಯ ತಲೆಸುತ್ತಿಗೆ ಬರೋಣ. 1921ರಲ್ಲಿ ಬಾರಾನಿ, ತಲೆಯನ್ನು ಒಂದು ಕಡೆಗೆ ಹೊರಳಿಸಿದಾಗ ಮಾತ್ರ ತಲೆಸುತ್ತು ಬರುತ್ತಿದ್ದ ಯುವತಿಯೊಬ್ಬಳ ವಿವರ ಬರೆದ. 1952ರಲ್ಲಿ ಲಂಡನ್ನಿನ ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್ ಇದನ್ನು ಗುರುತಿಸುವ ಸರಳ ಪರೀಕ್ಷೆ ರೂಪಿಸಿದರು. ರೋಗಿಯ ತಲೆಯನ್ನು ಪಕ್ಕಕ್ಕೆ ತಿರುಗಿಸಿ ಥಟ್ಟನೆ ಮಲಗಿಸಿ ಕಣ್ಣಾಲಿಯನ್ನು ನೋಡುವುದು, ಅಷ್ಟೇ. ಯಂತ್ರ ಬೇಡ, ಸ್ಕ್ಯಾನ್ ಬೇಡ. 1969ರಲ್ಲಿ ಅಮೆರಿಕದ ಶುಕ್‌ನೆಕ್ಟ್, ಚೀಲದಿಂದ ಸಡಿಲಗೊಂಡ ಹರಳುಗಳು ನಾಳದ ಪರದೆಗೆ ಅಂಟುವುದೇ ಕಾರಣ ಎಂದ. ಅಂಟುವುದಲ್ಲ, ಹೆಚ್ಚಿನವರಲ್ಲಿ ದ್ರವದಲ್ಲಿ ಹೊರಳಾಡುತ್ತವೆ ಎಂಬುದು ನಂತರ ತಿಳಿಯಿತು.

ಹೊರಳಾಡುವ ಹರಳಾದರೆ ಹೊರಳಿಸಿಯೇ ಹೊರಗೆ ತರಬಹುದಲ್ಲವೇ? ಅಮೆರಿಕದ ಪೋರ್ಟ್‌ಲ್ಯಾಂಡಿನ ವೈದ್ಯ ಜಾನ್ ಎಪ್ಲಿ ಹೀಗೆಯೇ ಯೋಚಿಸಿದ. ತೊಂದರೆಯಿರುವ ಕಿವಿಯ ಕಡೆಗೆ ತಲೆಯನ್ನು 45 ಡಿಗ್ರಿ ತಿರುಗಿಸಿ, ರೋಗಿಯನ್ನು ತಲೆ ತುಸು ಕೆಳಗೆ ಜೋಲುವಂತೆ ಮಲಗಿಸುವುದು. ಅಲ್ಲಿಂದ ತಲೆಯನ್ನು ಇನ್ನೊಂದು ಕಡೆಗೆ, ನಂತರ ಮೈಯನ್ನೂ ಅದೇ ಕಡೆಗೆ ಹೊರಳಿಸಿ, ಪ್ರತಿ ಹಂತದಲ್ಲೂ ಸ್ವಲ್ಪ ಹೊತ್ತು ಕಾದು, ಕೊನೆಗೆ ಎಬ್ಬಿಸಿ ಕೂರಿಸುವುದು. ಹರಳು ಗುರುತ್ವದಿಂದ ನಾಳದುದ್ದಕ್ಕೂ ಉರುಳಿ ಮರಳಿ ಚೀಲಕ್ಕೆ ಬೀಳುತ್ತದೆ. 1980ರ ದಶಕದಲ್ಲಿ ಆತ ಇದನ್ನು ಹೇಳಿದಾಗ ಅನೇಕ ತಜ್ಞರು ನಂಬಲಿಲ್ಲ. 1992ರಲ್ಲಿ ಪ್ರಬಂಧ ಪ್ರಕಟವಾಯಿತು. ಮುಂದೆ ನಡೆದ ಪರೀಕ್ಷೆಗಳು ಅವನ ಪರವಾಗಿ ನಿಂತವು. ಇಂದು ಜಗತ್ತಿನಾದ್ಯಂತ ಇದೇ ಮೊದಲ ಚಿಕಿತ್ಸೆ. ಹತ್ತರಲ್ಲಿ ಸುಮಾರು ಎಂಟು ಮಂದಿಗೆ ಒಂದೆರಡು ಸಲ ಮಾಡಿದರೆ ಸಾಕಾಗುತ್ತದೆ.

ಈ ಬೇನೆಗೆ ಚಿಕ್ಕದಾಗಿ ಬಿಪಿಪಿವಿ ಎಂದು ಹೆಸರು. ಅದರಲ್ಲಿರುವ ‘ಬಿಪಿ’ಗೂ ರಕ್ತದೊತ್ತಡಕ್ಕೂ ಸಂಬಂಧವಿಲ್ಲ. ಮಗ್ಗುಲಾದಾಗ, ಅಟ್ಟದ ಮೇಲಿನ ಡಬ್ಬಿಗಾಗಿ ಕತ್ತೆತ್ತಿದಾಗ ಬಂದು, ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಿಲ್ಲುವುದು ಇದರ ಗುರುತು. ವಯಸ್ಸಾದವರಲ್ಲಿ ಹೆಚ್ಚು. ಇದಕ್ಕೆ ಪ್ರೊಕ್ಲೋರ್‌ಪೆರಜಿನ್, ಸಿನ್ನರಿಜಿನ್ ಮುಂತಾದ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವುದರಿಂದ ಹರಳು ಕದಲುವುದಿಲ್ಲ. ಬದಲಾಗಿ ಮಂಪರು, ವೃದ್ಧರಲ್ಲಿ ಕೈನಡುಕ, ಬೀಳುವ ಅಪಾಯ ಹೆಚ್ಚುತ್ತವೆ. ಹೊಲಮನೆಯ ದುಡಿಮೆಯ ಮುದುಕಿಯೊಬ್ಬಳು ಬಿದ್ದು ತೊಡೆಯ ಮೂಳೆ ಮುರಿದುಕೊಂಡರೆ ಮನೆಯೇ ಕುಸಿಯುತ್ತದೆ. ಐದು ನಿಮಿಷದ ಚಿಕಿತ್ಸೆ ಇದೆಯೆಂಬ ಸುದ್ದಿ ಅವಳಿಗೆ ತಲುಪುವುದು ಅಷ್ಟು ಮುಖ್ಯ. ಕಿವಿ-ಮೂಗು-ಗಂಟಲು ತಜ್ಞರಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ, ಯಾವ ಕಿವಿ ಎಂದು ಗೊತ್ತಾದ ಮೇಲೆ ಅವರಿಂದಲೇ ಈ ಕ್ರಮ ಮಾಡಿಸಿಕೊಳ್ಳಬೇಕು.

ಔಷಧ ಸಿಕ್ಕ ಬಗೆ

1947ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಮೈತುರಿಕೆಯ ಗಂಧೆಗೆಂದು ಮಹಿಳೆಯೊಬ್ಬಳಿಗೆ ಹೊಸ ಔಷಧ ಕೊಟ್ಟಿದ್ದರು. ಟ್ರ್ಯಾಮಿನಲ್ಲಿ ಬರುವಾಗ ಎಂದೂ ತಪ್ಪದ ವಾಕರಿಕೆ ಈ ಔಷಧ ತೆಗೆದುಕೊಂಡ ದಿನ ಬರಲಿಲ್ಲವೆಂದು ಆಕೆ ಹೇಳಿದಳು. ವೈದ್ಯರಾದ ಗೇ ಮತ್ತು ಕಾರ್ಲೈನರ್ ಆ ಮಾತನ್ನು ತಳ್ಳಿಹಾಕಲಿಲ್ಲ. ಸೈನಿಕರ ಹಡಗಿನಲ್ಲಿ ಪರೀಕ್ಷಿಸಿ 1949ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದೇ ಡೈಮೆನ್‌ಹೈಡ್ರಿನೇಟ್. ನಮ್ಮ ಔಷಧದಂಗಡಿಗಳಲ್ಲಿ ಸಿಗುವ ಅವೋಮಿನ್‌ನಲ್ಲಿರುವ ಪ್ರೊಮೆಥಜಿನ್ ಕೂಡ ಇದೇ ಗುಂಪಿನದು. ಇವನ್ನು ಪ್ರಯಾಣಕ್ಕೆ ಮುಂಚೆಯೇ ತೆಗೆದುಕೊಳ್ಳಬೇಕು, ವಾಂತಿ ಶುರುವಾದ ಮೇಲೆ ಫಲ ಕಡಿಮೆ. ನಿದ್ದೆ ಬರಿಸುವುದರಿಂದ ವಾಹನ ಓಡಿಸುವವರು ನುಂಗಬಾರದು. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರೊಮೆಥಜಿನ್ ಕೊಡಲೇಬಾರದು. ಆ ವಯಸ್ಸಿನ ಮಕ್ಕಳಿಗೆ ಪ್ರಯಾಣದ ವಾಂತಿಯೂ ಅಪರೂಪವೇ.

ಇನ್ನೊಂದು ಔಷಧ ಸ್ಕೋಪೊಲಮಿನ್. ನಮ್ಮ ರಸ್ತೆ ಬದಿಯ ದತ್ತೂರಿಯಲ್ಲಿಯೂ ಈ ರಾಸಾಯನಿಕ ಇದೆ. ಹಾಗೆಂದು ಗಿಡವನ್ನು ಮುಟ್ಟಿ ಪ್ರಯೋಗ ಮಾಡುವುದು ಪ್ರಾಣಕ್ಕೆ ಎರವು. ಶುಂಠಿಯ ವಿಷಯವೇನು? 1982ರಲ್ಲಿ 36 ಮಂದಿಯನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ ನೋಡಿದಾಗ ಶುಂಠಿ ಪುಡಿ ಡೈಮೆನ್‌ಹೈಡ್ರಿನೇಟ್‌ಗಿಂತ ಮೇಲೆಂದು ಕಂಡಿತು. ನಂತರದ ಕೆಲವು ಪ್ರಯೋಗಗಳಲ್ಲಿ ಅಷ್ಟು ಗುಣ ಕಾಣಲಿಲ್ಲ. ಹಾನಿಯಿಲ್ಲದ್ದರಿಂದ ಒಂದು ಚೂರು ಶುಂಠಿ ಬಾಯಲ್ಲಿಟ್ಟುಕೊಳ್ಳಲು ಅಡ್ಡಿಯಿಲ್ಲ.

ಔಷಧಕ್ಕಿಂತ ಉತ್ತಮ ಉಪಾಯಗಳಿವೆ. ಬಸ್ಸಿನ ಮುಂಭಾಗದಲ್ಲಿ, ಎರಡು ಚಕ್ರಗಳ ನಡುವೆ ಕೂರಿ. ಮುಂದಿನ ಗಾಜಿನಿಂದ ದೂರದ ದಿಗಂತ ನೋಡಿ. ಮಲಪ್ರಭೆಯ ಬಯಲಿನ ಎರೆಭೂಮಿಯಲ್ಲಿ ದಿಗಂತಕ್ಕೇನೂ ಬರವಿಲ್ಲ! ಓದಬೇಡಿ, ಮೊಬೈಲ್ ನೋಡಬೇಡಿ. ತಲೆಯನ್ನು ಸೀಟಿಗೆ ಒರಗಿಸಿ ಅಲುಗದಂತೆ ಇಡಿ. ಹೊಟ್ಟೆ ತೀರ ಖಾಲಿಯೂ ಬೇಡ, ತೀರ ತುಂಬಿಯೂ ಬೇಡ.

ಎಲ್ಲ ತಲೆಸುತ್ತೂ ಕಿವಿಯದಲ್ಲ

ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಬಂದರೆ ಅದು ಬವಳಿ. ರಕ್ತಹೀನತೆ, ನೀರಿನ ಕೊರತೆ, ಬಿಸಿಲು, ಉಪವಾಸ, ರಕ್ತದೊತ್ತಡದ ಮಾತ್ರೆ ಇವು ಕಾರಣಗಳಾಗಿರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಇಲ್ಲಿ ಬೇಕಾದ್ದು ಹಿಮೋಗ್ಲೋಬಿನ್ ಪರೀಕ್ಷೆ ಮತ್ತು ಕಬ್ಬಿಣಾಂಶ.

ಹತ್ತಿ, ಮೆಣಸಿನಕಾಯಿ ಹೊಲದಲ್ಲಿ ಔಷಧ ಹೊಡೆದು ಬಂದವರಿಗೆ ತಲೆಸುತ್ತು, ವಾಂತಿ, ಬೆವರು, ಜೊಲ್ಲು, ಕಿರಿದಾದ ಕಣ್ಣಪಾಪೆ ಕಂಡರೆ ಅದು ಕೀಟನಾಶಕದ ವಿಷ. ಬಟ್ಟೆ ತೆಗೆಸಿ, ಮೈ ತೊಳೆಸಿ, ಡಬ್ಬಿಯ ಸಮೇತ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಕೊಡುವ ಪ್ರತಿವಿಷ ಅಟ್ರೊಪಿನ್, ದತ್ತೂರಿಯ ಕುಲದಲ್ಲಿಯೇ ದೊರೆಯುವ ಸ್ಕೋಪೊಲಮಿನ್‌ನ ಸೋದರ.

ತಲೆಸುತ್ತಿನ ಜೊತೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಮುಖ ಸೊಟ್ಟಗಾದರೆ, ಒಂದು ಕೈಕಾಲು ಬಲಗುಂದಿದರೆ, ಹಿಡಿದುಕೊಳ್ಳದೆ ನಿಲ್ಲಲಾಗದಿದ್ದರೆ ಅದು ಲಕ್ವ ಇರಬಹುದು. ಕಾಯದೆ 108ಕ್ಕೆ ಕರೆ ಮಾಡಿ.

ವೈದ್ಯರ ಬಳಿ ಹೋದಾಗ ‘ತಲಿ ಹೆಂಗೋ ಆಗತೈತ್ರಿ’ ಎಂದಷ್ಟೇ ಹೇಳಿದರೆ ಸಾಲದು. ಎಷ್ಟು ಹೊತ್ತು ಇರುತ್ತದೆ, ಏನು ಮಾಡಿದಾಗ ಬರುತ್ತದೆ, ಕಿವಿಯಲ್ಲಿ ಸದ್ದಿದೆಯೇ - ಈ ಮೂರು ವಿವರ ಕೊಟ್ಟರೆ ರೋಗನಿರ್ಣಯ ಅರ್ಧ ಮುಗಿದಂತೆ.

ಅಂತರಿಕ್ಷದಲ್ಲೂ ಬಿಡದ ಬೇನೆ

1961ರ ಆಗಸ್ಟ್‌ನಲ್ಲಿ ಭೂಮಿಯನ್ನು 17 ಬಾರಿ ಸುತ್ತಿದ ಸೋವಿಯತ್ ಗಗನಯಾತ್ರಿ ಗೆರ್ಮನ್ ತಿತೋವ್ ಅಂತರಿಕ್ಷದಲ್ಲಿ ವಾಕರಿಕೆ ಅನುಭವಿಸಿದ ಮೊದಲಿಗ. ತೂಕವೇ ಇಲ್ಲದಲ್ಲಿ ಒಳಕಿವಿಯ ಹರಳುಗಳು ಯಾವುದು ಕೆಳಗೆ ಎಂದು ಹೇಳಲಾರವು. ನಮ್ಮ ರಾಜ್ಯದಲ್ಲಿಯೇ, ಬೆಂಗಳೂರಿನಲ್ಲಿರುವ ಭಾರತೀಯ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಈ ವಿಷಯದಲ್ಲಿ ಕೆಲಸ ಮಾಡುತ್ತಿದೆ. ಗಗನಯಾನದ ಅಭ್ಯರ್ಥಿಗಳ ವೈದ್ಯಕೀಯ ಪರೀಕ್ಷೆ ನಡೆದದ್ದು ಅಲ್ಲಿಯೇ. ವಾಂತಿ ಬರುವ ಪೈಲಟ್‌ಗಳನ್ನು ತಿರುಗುವ ಕುರ್ಚಿಯಲ್ಲಿ ದಿನದಿನಕ್ಕೆ ತುಸು ಹೆಚ್ಚು ಹೊತ್ತು ಕೂರಿಸಿ ರೂಢಿ ಮಾಡಿಸುವ ತರಬೇತಿಯೂ ಇಂತಹ ಸಂಸ್ಥೆಗಳಲ್ಲಿ ಉಂಟು. ಬಸ್ಸಿನ ಕಂಡಕ್ಟರ್ ತಾನಾಗಿ ಕಲಿತದ್ದನ್ನು ಅಲ್ಲಿ ಕ್ರಮಬದ್ಧವಾಗಿ ಕಲಿಸುತ್ತಾರೆ.

ಶಿಕ್ಷಕರು ಈ ಪಾಠವನ್ನು ತರಗತಿಗೆ ತರಬಹುದು. ಬೋಗುಣಿಯ ಪ್ರಯೋಗ ಮಾಡಿಸಿ. ಊರಿನ ಜೋಕಾಲಿಯ ಹಗ್ಗ ಅಳೆಸಿ, ಅವಧಿ ಎಣಿಸಿ, ಸೂತ್ರದೊಂದಿಗೆ ತಾಳೆ ನೋಡಿಸಿ. ಪುಗಡಿ ಆಡಿದ ಗೆಳತಿಯ ಕಣ್ಣಾಲಿಯನ್ನು ಉಳಿದವರು ಗಮನಿಸಲಿ. ಮೂರ್ಛೆರೋಗ ಅಥವಾ ಕಿವಿ ಬೇನೆ ಇರುವ ಮಕ್ಕಳನ್ನು ಮಾತ್ರ ತಿರುಗಿಸಬೇಡಿ. ಕೊನೆಗೆ ಒಂದು ಮನೆಗೆಲಸ ಕೊಡಿ: ಮಗ್ಗುಲಾದಾಗ ತಲೆ ತಿರುಗುತ್ತದೆಯೇ, ಎಷ್ಟು ಹೊತ್ತು ಎಂದು ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬರಲಿ. ಮಗು ಬರೆದು ತಂದ ಆ ಎರಡು ಸಾಲಿನಿಂದ ಒಬ್ಬ ಅಜ್ಜಿಯ ಮಾತ್ರೆಗಳು ನಿಲ್ಲಲೂಬಹುದು.